ಅಮಾಲ್ಫಿಗೆ ವೀಸಾ, ಬಸ್ರೂರಿಗೆ ಬಸ್ಸು

ನಮ್ಮ ಟೀಮಿನ ಗೆಳೆಯನೊಬ್ಬ ಹನಿಮೂನ್‌ಗೆ ಇಟಲಿಗೆ ಹೋಗಿ ಬಂದ. ಸೋಮವಾರ ಮಧ್ಯಾಹ್ನ ವೈಟ್‌ಫೀಲ್ಡಿನ ಆಫೀಸ್ ಕೆಫೆಟೇರಿಯಾದಲ್ಲಿ ಫೋಟೋ ತೋರಿಸೋ ಕಾರ್ಯಕ್ರಮ. ಬೆಟ್ಟದ ಮೈಗೆ ಅಂಟಿಸಿದ ಹಾಗಿರೋ ಬಣ್ಣಬಣ್ಣದ ಮನೆಗಳು, ಕೆಳಗೆ ನೀಲಿ ಸಮುದ್ರ, ನಿಂಬೆ ತೋಟ, ಕಲ್ಲಿನ ಮೆಟ್ಟಿಲು. ಊರಿನ ಹೆಸರು ಅಮಾಲ್ಫಿ. "ಸಾವಿರ ವರ್ಷದ ಹಳೇ ಬಂದರು ಗುರೂ. ಒಂದೊಂದು ಕಲ್ಲಿಗೂ ಒಂದೊಂದು ಕಥೆ ಹೇಳ್ತಾರೆ. ನಮ್ಮಲ್ಲಿ ಇಂಥದ್ದು ಎಲ್ಲಿದೆ ಹೇಳು?" ಅಂದ.

ನಾನು ಉತ್ತರ ಕೊಡದೆ ಸಾರನ್ನ ಕಲಸ್ತಾ ಕೂತಿದ್ದೆ. ಹಿಂದಿನ ರಾತ್ರಿಯಷ್ಟೇ ಕುಂದಾಪುರದಿಂದ ಮಾವ ಫೋನ್ ಮಾಡಿದ್ದರು. ಬಸ್ರೂರಿನ ಅಜ್ಜಿಮನೆಗೆ ಗಿರಾಕಿ ಬಂದಿದ್ದಾನಂತೆ. ಅವನಿಗೆ ಮನೆ ಬೇಡ, ಹಲಸಿನ ಮರದ ಕಂಬಗಳು ಮತ್ತು ಬಾಗಿಲು ಸಾಕು. ಬೆಂಗಳೂರಿನ ಹತ್ತಿರ ಎಲ್ಲೋ ಒಂದು ರೆಸಾರ್ಟಿಗೆ 'ಹಳೇ ಕಾಲದ ಲುಕ್' ಬೇಕಂತೆ. ಅಮ್ಮನ ಪಾಲಿಗೆ ಬರೋ ದುಡ್ಡು ಕಾಡುಗೋಡಿಯಲ್ಲಿ ನಾನು ನೋಡಿಟ್ಟಿರೋ ಫ್ಲಾಟಿನ ಡೌನ್ ಪೇಮೆಂಟಿಗೆ ಒಂದಿಷ್ಟು ಆಗ್ತದೆ. ಹೋಗಿ ಒಂದು ಸೈನ್ ಹಾಕೋದಷ್ಟೇ ಬಾಕಿ.

ಬಸ್ರೂರು ಕೂಡ ಹಳೇ ಬಂದರೇ. ಅದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದದ್ದು ಮಾತ್ರ ಬೇಸಿಗೆ ರಜೆಯ ಅಜ್ಜಿಮನೆ, ಮಾವಿನಹಣ್ಣು, ಪವರ್ ಕಟ್ಟು. ಆ ಶುಕ್ರವಾರ ರಾತ್ರಿ ಬಸ್ ಹತ್ತುವಾಗ ಇಟಲಿ ಗೆಳೆಯನನ್ನೂ ಎಳ್ಕೊಂಡು ಹೋದೆ. ಎರಡು ದಿನ, ನಾನೂರು ಚಿಲ್ಲರೆ ಕಿಲೋಮೀಟರ್, ವೀಸಾ ಬೇಡ. ಹೋಗೋ ಮುಂಚೆ ಒಂದು ವಾರ ರಾತ್ರಿ ಕೂತು ಓದಿದೆ. ಓದ್ತಾ ಓದ್ತಾ ಗೊತ್ತಾಗಿದ್ದು ಇಷ್ಟು: ಅವನು ನೋಡಿ ಬಂದ ಕರಾವಳಿಯೂ ನಮ್ಮ ಕರಾವಳಿಯೂ ಸಂಬಂಧವೇ ಇಲ್ಲದ ಎರಡು ಜಾಗಗಳಲ್ಲ, ಒಂದೇ ವ್ಯಾಪಾರದ ದಾರಿಯ ಎರಡು ತುದಿಗಳು.

ಮೊದಲು ಅಮಾಲ್ಫಿಯ ಕಥೆಯನ್ನೇ ನೋಡೋಣ. ಹತ್ತನೇ ಶತಮಾನದಲ್ಲಿ ಅದು ಇಟಲಿಯ ದೊಡ್ಡ ವ್ಯಾಪಾರಿ ಊರುಗಳಲ್ಲೊಂದು. ಅಲ್ಲಿಯ ವರ್ತಕರು ಈಜಿಪ್ಟಿಗೆ ಹೋಗಿ, ಪೂರ್ವದಿಂದ ಬಂದ ಮಸಾಲೆ ಸಾಮಾನು ಕೊಂಡು ತರ್ತಿದ್ದರು. ಆ ಮಸಾಲೆಯಲ್ಲಿ ಮುಖ್ಯವಾದದ್ದು ಕರಿಮೆಣಸು, ಅಂದ್ರೆ ನಮ್ಮ ಪಶ್ಚಿಮ ಘಟ್ಟದ ಬೆಳೆ. 1343ರ ನವೆಂಬರಿನಲ್ಲಿ ಸಮುದ್ರ ಉಕ್ಕಿ ಬಂದು ಅಮಾಲ್ಫಿಯ ಬಂದರನ್ನೂ ಊರಿನ ತಗ್ಗಿನ ಭಾಗವನ್ನೂ ಕೊಚ್ಚಿಕೊಂಡು ಹೋಯಿತು. ಅಷ್ಟರಲ್ಲೇ ವ್ಯಾಪಾರ ಪೀಸಾ, ಜಿನೋವಾ, ವೆನಿಸ್ ಪಾಲಾಗಿತ್ತು. ಅಲ್ಲಿಂದ ಮುಂದೆ ಅಮಾಲ್ಫಿ ಒಂದು ಸಣ್ಣ ಊರು. 1997ರಲ್ಲಿ ಯುನೆಸ್ಕೋ ಆ ಇಡೀ ಕರಾವಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದ್ರೆ ನನ್ನ ಗೆಳೆಯ ಅಷ್ಟು ದುಡ್ಡು ಕೊಟ್ಟು ನೋಡಿ ಬಂದದ್ದೂ ಒಂದು ಸತ್ತ ಬಂದರನ್ನೇ. ಸತ್ತಿದ್ದು ಬಂದರು ಮಾತ್ರ, ಊರಿಗೆ ತನ್ನ ನೆನಪು ಉಳಿದಿತ್ತು.

ನಮ್ಮ ಕಡೆಯ ಕಥೆ ಇನ್ನೂ ಹಿಂದಿನಿಂದ ಶುರುವಾಗ್ತದೆ. ಕ್ರಿ.ಶ. 77ರ ಸುಮಾರಿಗೆ ರೋಮಿನ ಪ್ಲಿನಿ, ಭಾರತದ ವ್ಯಾಪಾರಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣ ಹೋಗ್ತಿದೆ ಅಂತ ಗೊಣಗಿದ್ದಾನೆ. ಪಶ್ಚಿಮ ಕರಾವಳಿಗೆ ಬರೋ ಹಡಗುಗಳಿಗೆ 'ನಿಟ್ರಿಯಾಸ್' ಅನ್ನೋ ಜಾಗದ ಕಡಲುಗಳ್ಳರ ಕಾಟ ಅಂತಲೂ ಬರೆದಿದ್ದಾನೆ. ಅದು ನೇತ್ರಾವತಿಯ ಹೆಸರೇ ಇರಬೇಕು ಅಂತ ಹಲವು ವಿದ್ವಾಂಸರು ಗುರುತಿಸಿದ್ದಾರೆ.

ಇನ್ನೊಂದು ಪುರಾವೆ ಈಜಿಪ್ಟಿನ ಮರಳಿನಲ್ಲಿ ಸಿಕ್ಕಿದ್ದು. ಆಕ್ಸಿರಿಂಕಸ್ ಅನ್ನೋ ಹಳೇ ಪಟ್ಟಣದ ಕಸದ ದಿಬ್ಬ ಅಗೆದಾಗ ಪಪೈರಸ್ ಹಾಳೆಗಳ ರಾಶಿಯೇ ಬಂತು. 1903ರಲ್ಲಿ ಪ್ರಕಟವಾದ ಒಂದು ಹಾಳೆಯಲ್ಲಿ ಗ್ರೀಕ್ ಪ್ರಹಸನ ಇತ್ತು. ಕಾಲ ಸುಮಾರು ಎರಡನೇ ಶತಮಾನ. ಖಾರಿಟಿಯನ್ ಅನ್ನೋ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಒಬ್ಬ ರಾಜನ ಕೈಗೆ ಸಿಕ್ಕಿಬಿದ್ದಿದ್ದಾಳೆ. ಅಣ್ಣ ಬಂದು ರಾಜನ ಕಡೆಯವರಿಗೆಲ್ಲ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ತಂಗಿಯನ್ನು ಹಡಗಿಗೆ ಹತ್ತಿಸ್ತಾನೆ. ಇದರಲ್ಲಿ ರಾಜ ಮತ್ತು ಅವನ ಜನ ಆಡೋ ಮಾತು ಗ್ರೀಕ್ ಅಲ್ಲ. 1904ರಲ್ಲಿ ಶಾಸನತಜ್ಞ ಹುಲ್ಷ್ ಅದು ಕನ್ನಡ ಅಂದರು. ಆರ್. ಶಾಮಶಾಸ್ತ್ರಿಗಳು ಆ ಸಾಲುಗಳಿಗೆ ಕನ್ನಡದಲ್ಲಿ ಅರ್ಥ ಬಿಡಿಸಲು ಹೊರಟರು. ಘಟನೆ ನಡೆದದ್ದು ಮಲ್ಪೆಯ ಕಡೆ ಅಂದವರೂ ಇದ್ದಾರೆ. ಒಪ್ಪದ ಪಂಡಿತರೂ ಇದ್ದಾರೆ, ವಾದ ಇನ್ನೂ ಮುಗಿದಿಲ್ಲ. ಆದರೆ ಒಂದು ಮಾತು ಖಂಡಿತ. ನೈಲ್ ತೀರದ ಒಂದು ಊರಿನ ಪ್ರೇಕ್ಷಕರು, ಭಾರತದ ಕರಾವಳಿಯ ಜನ ಹೀಗೆ ಮಾತಾಡ್ತಾರೆ ಅಂತ ಕೇಳಿ ನಗುವಷ್ಟು ಆ ದಾರಿ ಅವರಿಗೆ ಪರಿಚಯವಿತ್ತು.

ನಂಗೆ ತುಂಬಾ ಹತ್ತಿರ ಅನ್ನಿಸಿದ್ದು ಮಂಗಳೂರಿನ ಕಥೆ. ಹಳೇ ಕೈರೋದಲ್ಲಿ ಬೆನ್ ಎಜ್ರಾ ಅನ್ನೋ ಯಹೂದಿ ಪ್ರಾರ್ಥನಾ ಮಂದಿರ ಇದೆ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಹರಿದು ಬಿಸಾಡಬಾರದು ಅಂತ ಅಲ್ಲಿಯವರು ಒಂದು ಕೋಣೆಯಲ್ಲಿ ತುಂಬಿಡ್ತಿದ್ದರು. ಶತಮಾನಗಳ ಕಾಲ ತುಂಬಿದ ಆ ರಾಶಿಯಲ್ಲಿ ಪ್ರಾರ್ಥನೆ ಪುಸ್ತಕಗಳ ಜೊತೆ ವ್ಯಾಪಾರದ ಪತ್ರ, ಲೆಕ್ಕದ ಚೀಟಿ ಎಲ್ಲವೂ ಇತ್ತು. ಅವುಗಳಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ವರ್ತಕನ ಕಡತವೂ ಇದೆ. ಅವನ ಊರು ಮೆಡಿಟರೇನಿಯನ್ ದಡದ ಮಹದಿಯಾ, ಈಗಿನ ಟುನೀಶಿಯಾದಲ್ಲಿದೆ. 1132ರ ಹೊತ್ತಿಗೆ ಮಂಗಳೂರಿಗೆ ಬಂದವನು 1149ರವರೆಗೆ ಈ ಕರಾವಳಿಯಲ್ಲೇ ಇದ್ದ. ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವನ್ನು ಏಡನ್‌ಗೆ ಕಳಿಸಿದ. ಆಶು ಅನ್ನೋ ಇಲ್ಲಿಯ ಹೆಣ್ಣುಮಗಳನ್ನು ದಾಸ್ಯದಿಂದ ಬಿಡಿಸಿ, ಅವಳೊಂದಿಗೆ ಸಂಸಾರ ಮಾಡಿದ.

ಅವನ ಪತ್ರಗಳನ್ನು ಓದಿದ್ರೆ ನಮ್ಮ ಮೇಲ್ ಚೈನುಗಳೇ ನೆನಪಾಗ್ತವೆ. ಏಲಕ್ಕಿಗೆ ಮುಂಗಡ ತಗೊಂಡ ಒಬ್ಬ ವೆಂಡರ್ ಸರಕನ್ನೇ ಕೊಡಲಿಲ್ಲ, ಏಡನ್‌ನವರು ಫಾಲೋ ಅಪ್ ಮೇಲೆ ಫಾಲೋ ಅಪ್. ಇಲ್ಲಿಂದ ಬೆನ್ ಯಿಜು ಕೇಳೋದು ಕಾಗದ, ಸಕ್ಕರೆ, ಒಣದ್ರಾಕ್ಷಿ. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನೋಡಿಕೊಳ್ತಿದ್ದ ಒಬ್ಬ ಆಳಿನ ಹೆಸರು ಈ ಪತ್ರಗಳಲ್ಲಿದೆ. ಅದು 'ಬೊಮ್ಮ' ಅಂತ ಅಮಿತಾವ್ ಘೋಷ್ ಗುರುತಿಸಿದರು. ಆ ದಾರಿ ತೋರಿಸಿದವರು ನಮ್ಮ ವಿದ್ವಾಂಸ ಬಿ.ಎ. ವಿವೇಕ ರೈ. ಘೋಷ್ ಅವರ 'ಇನ್ ಆನ್ ಆಂಟೀಕ್ ಲ್ಯಾಂಡ್' 1992ರಲ್ಲಿ ಬಂದ ಪುಸ್ತಕ, ಸಿಕ್ಕಿದ್ರೆ ಓದಿ. ಏಡನ್‌ನಲ್ಲಿ ಈ ಬೊಮ್ಮ ಕುಡಿದು ಬಂದು ಇನ್ನೂ ದುಡ್ಡು ಕೊಡಿ ಅಂತ ಕಾಟ ಕೊಟ್ಟ ಅನ್ನೋ ದೂರು ಕೂಡ ಪತ್ರದಲ್ಲಿ ದಾಖಲಾಗಿದೆ. ಒಂಬತ್ತು ಶತಮಾನದ ಹಿಂದೆ ಆನ್‌ಸೈಟ್ ಹೋದ ತುಳುನಾಡಿನ ಹುಡುಗ. ಅವನ ಹೆಸರು ಉಳಿದದ್ದು ಕೈರೋದ ಕೋಣೆಯಲ್ಲಿ, ಮಂಗಳೂರಿನಲ್ಲಲ್ಲ.

ಇದನ್ನೆಲ್ಲ ಬಸ್ಸಿನಲ್ಲಿ ಗೆಳೆಯನಿಗೆ ಹೇಳಿದೆ. ಚನ್ನರಾಯಪಟ್ಟಣ ದಾಟೋ ಮುಂಚೆ ಅವನು ನಿದ್ದೆ ಹೋಗಿದ್ದ.

ಶನಿವಾರ ಬೆಳಿಗ್ಗೆ ಕುಂದಾಪುರದಲ್ಲಿ ಇಳಿದು, ಮಾವನ ಮನೆಯಲ್ಲಿ ನೀರುದೋಸೆ ತಿಂದು ಬಸ್ರೂರಿಗೆ ಹೊರಟೆವು. ಊರು ನೋಡಬೇಕು ಅಂದಿದ್ದಕ್ಕೆ ಮಾವ ನಕ್ಕರು. "ಇಲ್ಲ್ ಎಂತ ಇತ್ತ್ ಮಾರಾಯ ಕಾಂಬುಕೆ?"

ಬಸ್ರೂರು ಸಮುದ್ರದ ದಡದಲ್ಲಿಲ್ಲ. ವಾರಾಹಿ ನದಿಯ ದಡದಲ್ಲಿ, ಒಳಗಿದೆ. ಕಡಲಿನ ಹಡಗು ಅಳಿವೆಯಲ್ಲಿ ನಿಂತರೆ, ದೋಣಿಗಳಲ್ಲಿ ಸರಕು ಒಳಗೆ ಬರ್ತಿತ್ತು. ಘಟ್ಟದ ಮೇಲಿಂದ ಎತ್ತಿನ ಹೇರುಗಳಲ್ಲಿ ಮೆಣಸು ಇಳೀತಿತ್ತು, ಸುತ್ತಲಿನ ಬಯಲಿನ ಅಕ್ಕಿ ಇಲ್ಲಿಗೆ ಸೇರ್ತಿತ್ತು. ಹದಿನಾರನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಬಾರ್ಬೋಸಾ ಬಸ್ರೂರು, ಬಾರಕೂರುಗಳಿಂದ ಹೊರಗೆ ಹೋಗೋ ಅಕ್ಕಿಯ ಬಗ್ಗೆ ವಿಶೇಷವಾಗಿ ಬರೆದ. ಆ ಅಕ್ಕಿಯ ಮೇಲೇ ಅವನ ದೇಶದವರ ಕಣ್ಣು ಬಿತ್ತು. 1569ರಲ್ಲಿ ಅವರು ಹೊನ್ನಾವರವನ್ನೂ ಬಸ್ರೂರನ್ನೂ ಹಿಡಿದರು. 1665ರ ಫೆಬ್ರವರಿಯಲ್ಲಿ ಶಿವಾಜಿ ಖುದ್ದು ಹಡಗೇರಿ ಬಂದು ಈ ಊರನ್ನು ದೋಚಿಕೊಂಡು ಹೋದ. ಏನೂ ಇಲ್ಲದ ಊರನ್ನು ದೋಚೋಕೆ ಯಾರೂ ಅಷ್ಟು ದೂರದಿಂದ ಸಮುದ್ರ ದಾಟಿ ಬರೋದಿಲ್ಲ.

ಊರಿನ ಆಡಳಿತ ನಡೆಸಿದವರು ರಾಜರಿಗಿಂತ ಹೆಚ್ಚಾಗಿ ಇಲ್ಲಿಯ ವ್ಯಾಪಾರಿಗಳು. ಶಾಸನಗಳಲ್ಲಿ ಮೂಡುಕೇರಿ, ಪಡುಕೇರಿ ಅಂತ ಬರ್ತದೆ. ಒಂದೊಂದು ಕೇರಿಗೂ ಅದರದೇ ಸಂಘ, ದೇವಸ್ಥಾನಕ್ಕೆ ದಾನ ಕೊಡೋದೂ ಅದೇ, ಜಗಳ ಬಗೆಹರಿಸೋದೂ ಅದೇ. 'ನಖರ' ಅಂದ್ರೆ ವರ್ತಕರ ಸಂಘ, ಅದರ ಹೆಸರಿನ ನಖರೇಶ್ವರ ದೇವಸ್ಥಾನ ಇಲ್ಲುಂಟು. ಕರಾವಳಿಯ ಶಾಸನಗಳಲ್ಲಿ 'ಹಂಜಮಾನ' ಅನ್ನೋ ಪದವೂ ಸಿಗ್ತದೆ. ಅದು ಪಾರಸಿಯ 'ಅಂಜುಮನ್', ಅಂದ್ರೆ ಅರಬ್ ಕಡೆಯಿಂದ ಬಂದು ಇಲ್ಲಿ ನೆಲೆಸಿದ ವರ್ತಕರ ಕೂಟ. ಪರದೇಶದವರ ಸಂಘದ ಹೆಸರನ್ನು ಕನ್ನಡ ಮಾಡಿಕೊಂಡು ಕಲ್ಲಿನ ಮೇಲೆ ಕೆತ್ತಿಸಿದ ಊರುಗಳಿವು.

ಮಹಾಲಿಂಗೇಶ್ವರ ದೇವಸ್ಥಾನ ನೋಡಿ, ತುಳುವೇಶ್ವರನ ಹತ್ತಿರ ಬಂದೆವು. ಹಳೇ ಗುಡಿಯ ಕಲ್ಲುಗಳನ್ನು ಮರದ ಬೇರುಗಳು ಹಿಡಿದುಕೊಂಡು ನಿಂತಿವೆ. ಮರ ಗುಡಿಯನ್ನು ಒಡೀತಿದೆಯೋ, ಬೀಳದ ಹಾಗೆ ಕಾಪಾಡ್ತಿದೆಯೋ ಹೇಳೋಕಾಗಲ್ಲ. ಗೆಳೆಯ ಮೊದಲ ಸಲ ಫೋನ್ ತೆಗೆದ. ಸುತ್ತ ಟಿಕೆಟ್ ಕೌಂಟರ್ ಇಲ್ಲ, ಗೈಡ್ ಇಲ್ಲ, ನಾವಿಬ್ಬರೇ. ಚಿಕ್ಕವನಿದ್ದಾಗ ಇಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ, ಇದೇನು ಅಂತ ಒಂದು ಸಲವೂ ಕೇಳಿರಲಿಲ್ಲ.

ಮಧ್ಯಾಹ್ನ ಬಾರಕೂರು. ಸೀತಾನದಿಯ ಹತ್ತಿರದ ಈ ಊರು ಆಳುಪರ ರಾಜಧಾನಿಯಾಗಿತ್ತು, ಆಮೇಲೆ ವಿಜಯನಗರದ ಒಂದು ರಾಜ್ಯದ ಕೇಂದ್ರವಾಯಿತು. ಇಲ್ಲಿ ಟಂಕಸಾಲೆಯೂ ಇತ್ತು, 'ಬಾರಕೂರು ಗದ್ಯಾಣ' ಅನ್ನೋ ನಾಣ್ಯದ ಹೆಸರು ಶಾಸನಗಳಲ್ಲಿದೆ. ವರ್ಷಕ್ಕೆ ದಿನಕ್ಕೊಂದರಂತೆ 365 ದೇವಸ್ಥಾನ ಇದ್ದವು ಅನ್ನೋದು ಊರ ಮಾತು. ಚೌಳಿಕೇರಿ, ಮಣಿಗಾರಕೇರಿ, ಕೋಟೆಕೇರಿ ಅಂತ ಇವತ್ತಿಗೂ ಕೇರಿಗಳ ಹೆಸರಿನಲ್ಲೇ ವಿಳಾಸ ಹೇಳ್ತಾರೆ. ಕತ್ತಲೆ ಬಸದಿಯ ಕಲ್ಲಿನ ಜಗಲಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತೆವು. ಆಫೀಸ್ ಮೆಸೇಜುಗಳನ್ನು ಇಬ್ಬರೂ ನೋಡಲಿಲ್ಲ.

ಭಾನುವಾರ ಮಾವನ ಕಾರು ತಗೊಂಡು ಉತ್ತರಕ್ಕೆ ಹೋದೆವು. ಭಟ್ಕಳ ವಿಜಯನಗರಕ್ಕೆ ಅರಬ್ ಕುದುರೆ ಇಳೀತಿದ್ದ ಬಂದರು. ಮೂಡಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದ ಗೋಡೆಯ ಕೆತ್ತನೆ ನೋಡೋಕೆ ಒಂದು ಗಂಟೆ ಸಾಲದು. ಅಲ್ಲಿಂದ ಹೊನ್ನಾವರ.

ಹೊನ್ನಾವರಕ್ಕೆ ಮೊರೊಕ್ಕೋದ ಟ್ಯಾಂಜಿಯರಿನ ಇಬ್ನ್ ಬತೂತಾ ಬಂದದ್ದು 1342ರ ಸುಮಾರಿಗೆ, ಅಮಾಲ್ಫಿಯ ಬಂದರು ಕೊಚ್ಚಿಹೋದ ಆಸುಪಾಸಿನಲ್ಲೇ. ಊರಿನಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇವೆ, ಬೇರೆಲ್ಲೂ ಇಂಥದ್ದನ್ನು ಕಾಣಲಿಲ್ಲ ಅಂತ ಬರೆದ. ಇಲ್ಲಿಯ ಸುಲ್ತಾನನ ಮನೆಯ ಊಟವನ್ನೂ ವಿವರವಾಗಿ ಬರೆದಿದ್ದಾನೆ. ಮೊದಲು ಒಂದು ಸೌಟು ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನು, ತರಕಾರಿ, ಪ್ರತಿಯೊಂದಕ್ಕೂ ಮತ್ತೆ ಅನ್ನ. ಕೊನೆಗೆ ಮೊಸರು. ಮೊಸರು ಬಂತು ಅಂದ್ರೆ ಊಟ ಮುಗೀತು ಅಂತ ಅರ್ಥ ಅಂತಲೂ ಹೇಳಿದ್ದಾನೆ. ಹನ್ನೊಂದು ತಿಂಗಳು ರೊಟ್ಟಿ ಕಾಣದೆ ಅನ್ನ ತಿಂದು ಸಾಕಾಯ್ತು ಅನ್ನೋ ಅವನ ಗೋಳನ್ನು ಓದಿದಾಗ, ವೈಟ್‌ಫೀಲ್ಡಿನ ಪಿಜಿಯಲ್ಲಿರೋ ಉತ್ತರದ ಗೆಳೆಯರು ನೆನಪಾದರು.

ಹೊನ್ನಾವರದಿಂದ ಶರಾವತಿಯ ಪಕ್ಕದಲ್ಲೇ ಗೇರುಸೊಪ್ಪೆಗೆ ಹೋದೆವು. 1623ರಲ್ಲಿ ಇದೇ ದಾರಿಯಲ್ಲಿ ದೋಣಿ ಹತ್ತಿ ಬಂದವನು ರೋಮಿನ ಪಿಯೆತ್ರೊ ದೆಲ್ಲಾ ವಾಲೆ. ಇಕ್ಕೇರಿಯ ವೆಂಕಟಪ್ಪ ನಾಯಕನ ಕಡೆಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗಿದ್ದ. ಎರಡು ವರ್ಷದ ಹಿಂದೆ ಪರ್ಷಿಯಾದಲ್ಲಿ ಅವನ ಹೆಂಡತಿ ತೀರಿಕೊಂಡಿದ್ದಳು. ಅವಳ ದೇಹವನ್ನು ಊರಿನಲ್ಲೇ ಮಣ್ಣು ಮಾಡಬೇಕು ಅಂತ, ಕೆಡದ ಹಾಗೆ ಪೆಟ್ಟಿಗೆಯಲ್ಲಿಟ್ಟು ದೇಶದಿಂದ ದೇಶಕ್ಕೆ ಸಾಗಿಸ್ತಿದ್ದ. ಅಂಥ ಮನುಷ್ಯ ಶರಾವತಿಯನ್ನು ನೋಡಿ, ತಾನು ಕಂಡ ಅತಿ ಸುಂದರ ನದಿಗಳಲ್ಲಿ ಇದೂ ಒಂದು ಅಂತ ಬರೆದ. ಟೈಬರ್ ನೋಡಿ ಬೆಳೆದವನು, ನೈಲ್ ನೋಡಿ ಬಂದವನು. ಆ ಹೊತ್ತಿಗೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲ ಮುಗಿದಿತ್ತು. ಪೋರ್ಚುಗೀಸರು 'ಮೆಣಸಿನ ರಾಣಿ' ಅಂತ ಕರೆದದ್ದು ಇವಳನ್ನೇ. ದೆಲ್ಲಾ ವಾಲೆ ಕಂಡದ್ದು ಕೆಳದಿಯವರ ಕೈಯಲ್ಲಿ ಹಾಳಾಗಿ ಕಾಡು ಬೆಳೆದ ಪಟ್ಟಣ. ನಾವು ಕಂಡದ್ದೂ ಅದೇ ಕಾಡನ್ನು, ಅದರ ನಡುವೆ ನಾಲ್ಕು ಕಡೆ ಬಾಗಿಲಿರೋ ಚತುರ್ಮುಖ ಬಸದಿಯನ್ನು.

ಬಸದಿಯ ಮೆಟ್ಟಿಲ ಮೇಲೆ ಕೂತು ಗೆಳೆಯ ಕೇಳಿದ, "ಇಷ್ಟೆಲ್ಲ ಇದ್ದದ್ದು ಹೋಗಿದ್ದು ಹೆಂಗೆ?"

ಒಂದೇ ಕಾರಣ ಇಲ್ಲ. ಯುದ್ಧ, ಪೋರ್ಚುಗೀಸರ ಕಪ್ಪಕಾಣಿಕೆ, ದೊಡ್ಡ ಹಡಗು ಒಳಗೆ ಬರಲಾಗದ ನದಿ. ಆಮೇಲೆ ಮಂಗಳೂರು, ಮುಂಬೈನಂಥ ದೊಡ್ಡ ಬಂದರುಗಳು, ಅದಾದ ಮೇಲೆ ರಸ್ತೆ, ರೈಲು. ವ್ಯಾಪಾರ ಜಾಗ ಬದಲಿಸಿತು, ವ್ಯಾಪಾರದ ಹಿಂದೆ ಜನ ಹೋದರು. ಈಗಲೂ ಹೋಗ್ತಿದ್ದಾರೆ. ವೈಟ್‌ಫೀಲ್ಡಿನ ಯಾವುದಾದ್ರೂ ದರ್ಶಿನಿಯ ಕ್ಯಾಶ್ ಕೌಂಟರಿನಲ್ಲಿ ಊರು ಯಾವುದು ಅಂತ ಕೇಳಿ ನೋಡಿ. ಕುಂದಾಪುರ, ಬೈಂದೂರು, ಬ್ರಹ್ಮಾವರ ಅನ್ನೋ ಉತ್ತರ ಬರೋ ಸಾಧ್ಯತೆ ಜಾಸ್ತಿ.

ಈಗಿನ ಬಂದರು ನಮ್ಮ ಬೆಲ್ಟೇ. ನೀರಿಲ್ಲ ಅಷ್ಟೇ. 1882ರಲ್ಲಿ ಡಿ.ಎಸ್. ವೈಟ್ ಅನ್ನೋರು ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಮೈಸೂರು ಮಹಾರಾಜರಿಂದ ಜಾಗ ಪಡೆದು ಶುರು ಮಾಡಿದ ಬೇಸಾಯದ ಹಳ್ಳಿ, ಒಂದು ನೂರು ವರ್ಷದಲ್ಲಿ ಪರದೇಶದ ಕೆಲಸ ಬಂದು ಇಳಿಯೋ ಜಾಗವಾಯಿತು. ಏಡನ್‌ನ ಪತ್ರಕ್ಕೆ ಬೆನ್ ಯಿಜು ಮಳೆಗಾಲ ಮುಗಿಯೋವರೆಗೆ ಕಾಯ್ತಿದ್ದ, ನಾವು ಕ್ಲೈಂಟ್ ಕಾಲ್‌ಗೆ ರಾತ್ರಿ ಒಂಬತ್ತರವರೆಗೆ ಕಾಯ್ತೀವಿ. ಬಸ್ರೂರಿನ ಸೆಟ್ಟರಿಗೂ ಈ ವ್ಯಾಪಾರ ಒಂದು ದಿನ ಬೇರೆ ಕಡೆ ಹೋಗ್ತದೆ ಅನ್ನಿಸಿರಲಿಕ್ಕಿಲ್ಲ. ಅವರು ಗುಡಿ ಕಟ್ಟಿದರು, ಕಲ್ಲಿನ ಮೇಲೆ ಲೆಕ್ಕ ಬರೆಸಿದರು. ಅದರಿಂದಲೇ ನಮಗೆ ಇಷ್ಟಾದ್ರೂ ಗೊತ್ತು. ವೈಟ್‌ಫೀಲ್ಡಿಗೆ ನಾವು ಏನು ಬಿಟ್ಟು ಹೋಗ್ತೀವಿ ಅಂತ ಯೋಚಿಸಿದೆ. ಕಾಡುಗೋಡಿಯ ಆ ಫ್ಲಾಟು ಬಿಟ್ಟು ಬೇರೆ ಏನೂ ತೋಚಲಿಲ್ಲ.

ಹಾಗಂತ ಬಸ್ರೂರನ್ನು ಇನ್ನೊಂದು ಅಮಾಲ್ಫಿ ಮಾಡಿ ಅಂತ ನಾನು ಹೇಳೋದಿಲ್ಲ. ವೆನಿಸ್ ನಗರ ಜನಜಂಗುಳಿ ತಡೆಯಲಾರದೆ 2024ರಿಂದ ಕೆಲವು ದಿನಗಳಲ್ಲಿ, ಬಂದು ಹೋಗೋ ಪ್ರವಾಸಿಗಳಿಗೆ ಪ್ರವೇಶ ಶುಲ್ಕ ಹಾಕಿದೆ. ಆ ಗತಿ ನಮ್ಮ ಕೇರಿಗಳಿಗೆ ಬೇಡ. ಬೇಕಾಗಿರೋದು ಸಣ್ಣದು: ಶಾಸನದ ಕಲ್ಲಿನ ಪಕ್ಕ ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ನಾಲ್ಕು ಸಾಲು, ಊರ ಶಾಲೆಯ ಮಕ್ಕಳಿಗೆ ಬೆನ್ ಯಿಜು, ಬೊಮ್ಮನ ಕಥೆ, ಮತ್ತೆ ಹೆದ್ದಾರಿ 66ರಲ್ಲಿ ಗೋವಾಕ್ಕೆ ಓಡೋ ನಮ್ಮಂಥವರ ಕಾರು ಒಂದು ಸಲ ಎಡಕ್ಕೋ ಬಲಕ್ಕೋ ತಿರುಗೋದು.

ಹೋಗೋರಿಗೆ: ಪಂಚಗಂಗಾ ಎಕ್ಸ್‌ಪ್ರೆಸ್ ಅಥವಾ ರಾತ್ರಿ ಬಸ್ಸಿಗೆ ಕುಂದಾಪುರ. ಮೊದಲ ದಿನ ಬಸ್ರೂರು, ಬಾರಕೂರು. ಎರಡನೇ ದಿನ ಭಟ್ಕಳ, ಹೊನ್ನಾವರ, ಗೇರುಸೊಪ್ಪೆ. ಇನ್ನೊಂದು ದಿನ ಇದ್ದರೆ ಕುಮಟಾ ದಾಟಿ ಮಿರ್ಜಾನ್ ಕೋಟೆ. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯದು. ಗುಡಿಗಳಲ್ಲಿ ಪೂಜೆ ನಡೀತಿರ್ತದೆ, ಅರ್ಚಕರನ್ನು ಕೇಳಿ ಫೋಟೋ ತೆಗೀರಿ.

ಅಜ್ಜಿಮನೆಯ ಕಾಗದಕ್ಕೆ ಆ ಭಾನುವಾರ ಸೈನ್ ಹಾಕಲಿಲ್ಲ. ಹಾಕೋದೇ ಇಲ್ಲ ಅಂತ ದೊಡ್ಡ ಮಾತು ಆಡೋಕೂ ಆಗಲ್ಲ, ಫ್ಲಾಟಿನವನು ವಾರಕ್ಕೆ ಎರಡು ಸಲ ಫೋನ್ ಮಾಡ್ತಾನೆ. ರಾತ್ರಿ ಬಸ್ಸಿಗೆ ಬಿಡೋಕೆ ಬಂದ ಮಾವನಿಗೆ ದೀಪಾವಳಿವರೆಗೆ ಟೈಮ್ ಕೊಡಿ ಅಂದೆ. ಗೆಳೆಯ ಪಕ್ಕದಲ್ಲಿ ನಿಂತು, ಮುಂದಿನ ಸಲ ಹೆಂಡತಿಯನ್ನೂ ಕರ್ಕೊಂಡು ಬರ್ತೀನಿ ಅಂಕಲ್ ಅಂದ. ಮಾವ ನನ್ನ ಮುಖ ನೋಡಿದರು.

"ಬಪ್ಪುದಾರೆ ಬಾ. ಇಲ್ದಿರೆ ಸೈನ್ ಹಾಕ್ ಮಾಣಿ. ಬೀಗ ಹಾಕಿಟ್ರೆ ಮನಿ ನಿಲ್ಲುದಿಲ್ಲ."